ವಿಳಾಸವಿಲ್ಲದೆ ಬಂದದ್ದು

ವಾಲೆರಿ ಬೋರ್ಜೋವ್ ಎಂಬ ಹೆಸರು ನೆನಪಿರುವವರು ನಮ್ಮಲ್ಲಿ ಈಗ ಕಡಿಮೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಸೋವಿಯತ್ ಒಕ್ಕೂಟದ ಪರವಾಗಿ ಓಡಿ, ನೂರು ಮೀಟರ್ ಮತ್ತು ಇನ್ನೂರು ಮೀಟರ್ ಎರಡರಲ್ಲೂ ಚಿನ್ನ ಗೆದ್ದವನು. ನೂರು ಮೀಟರ್ ಮುಗಿಸಲು ಅವನಿಗೆ ಬೇಕಾದದ್ದು 10.14 ಸೆಕೆಂಡು. ಅವನಿಗಿಂತ ವೇಗವಾಗಿ ಓಡಿದವರು ಆಮೇಲೆ ಎಷ್ಟೋ ಜನ ಬಂದರು. ಆದರೆ ಅವನಷ್ಟು ದೂರ ಹೋದವರು ಯಾರೂ ಇಲ್ಲ. ಉಳಿದ ಓಟಗಾರರಿಗಿಂತ ಅವನು ಮುಂದಿರುವ ಒಂದು ಫೋಟೋ ಈ ಹೊತ್ತಿಗೆ ಭೂಮಿಯಿಂದ ಸುಮಾರು 2,500 ಕೋಟಿ ಕಿಲೋಮೀಟರ್ ಆಚೆ ಇದೆ. 1977ರ ಸೆಪ್ಟೆಂಬರ್ 5ರಂದು ಹೊರಟ ವಾಯೇಜರ್ 1 ನೌಕೆಯ ಪಕ್ಕೆಗೆ ಬಿಗಿದಿರುವ, ಚಿನ್ನದ ಲೇಪದ ತಾಮ್ರದ ತಟ್ಟೆಯೊಂದರ ಗೀರುಗಳಲ್ಲಿ ಆ ಚಿತ್ರ ಸದ್ದಾಗಿ ಅಡಗಿ ಕೂತಿದೆ.

ಅದೇ ತಟ್ಟೆಯಲ್ಲಿ ಚಕ್ ಬೆರ್ರಿ 1958ರಲ್ಲಿ ಹಾಡಿದ ‘ಜಾನಿ ಬಿ. ಗುಡ್’ ಇದೆ. ಗೋವೆಯಲ್ಲಿ ಹುಟ್ಟಿದ ಕೇಸರಬಾಯಿ ಕೇರ್ಕರ್ ಅವರ ಭೈರವಿ ಇದೆ. 55 ಭಾಷೆಗಳ ನಮಸ್ಕಾರಗಳಿವೆ. ಆ 55ರಲ್ಲಿ ಒಂದು ಕನ್ನಡ.

ಆ ಕನ್ನಡದ ದನಿಯನ್ನು ನಾನು ಕೇಳಿದ್ದು ತೀರ ತಡವಾಗಿ, ಮೂವತ್ತು ದಾಟಿದ ಮೇಲೆ. ನಮಸ್ತೆ ಹೇಳಿ ಕನ್ನಡಿಗರೆಲ್ಲರ ಪರವಾಗಿ ಶುಭ ಕೋರುವ ಒಂದು ಚಿಕ್ಕ ಮಾತು, ಅಷ್ಟೇ. ಕೆಲವೇ ಸೆಕೆಂಡು. ಅದರಲ್ಲಿ ಭಾಷಣದ ಠೀವಿ ಇಲ್ಲ. ಮದುವೆ ಮನೆಯ ಬಾಗಿಲಲ್ಲಿ ನಿಂತು ಬಂದವರನ್ನು ಒಳಕ್ಕೆ ಕರೆಯುವವರ ದನಿ ಅದು. ಕೇಳಿ ಮುಗಿದ ಮೇಲೆ ಬಹಳ ಹೊತ್ತು ಕುರ್ಚಿಯಿಂದ ಏಳಲಾಗಲಿಲ್ಲ. ಮನೆಯ ಮಾತು ಅಷ್ಟು ದೂರ ಹೋಗಿದೆಯಲ್ಲ ಎಂಬ ಹೆಮ್ಮೆ ಇತ್ತು, ನಿಜ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಹಿಡಿದು ಕೂರಿಸಿದ್ದು ಇನ್ನೊಂದು ಯೋಚನೆ: ಆ ಮಾತು ಯಾರಿಗೆ? ಕೇಳುವವರ ಹೆಸರು ಗೊತ್ತಿಲ್ಲ. ಅವರಿಗೆ ಕಿವಿ ಇದೆಯೋ ಇಲ್ಲವೋ ಗೊತ್ತಿಲ್ಲ. ಅವರು ಇದ್ದಾರೋ ಇಲ್ಲವೋ ಅದೂ ಗೊತ್ತಿಲ್ಲ. ಆದರೂ ಆ ಮನುಷ್ಯ ಮರ್ಯಾದೆಯಿಂದ ನಮಸ್ತೆ ಅಂದ.

ನನಗೆ ಮೊದಲಿನಿಂದಲೂ ಮೂರು ಗೀಳು. ಆಟ, ಅಂತರಿಕ್ಷದ ಟಿವಿ ಕಥೆಗಳು, ಎಪ್ಪತ್ತರ ದಶಕದ ಆಸುಪಾಸಿನ ರಾಕ್ ಸಂಗೀತ. ಒಂದಕ್ಕೂ ಇನ್ನೊಂದಕ್ಕೂ ಏನು ಸಂಬಂಧ ಎಂದು ಮನೆಯವರೂ ಕಚೇರಿಯ ಗೆಳೆಯರೂ ಕೇಳಿದ್ದುಂಟು. ನನಗೂ ಉತ್ತರ ಗೊತ್ತಿರಲಿಲ್ಲ. ಆ ತಟ್ಟೆಯಲ್ಲಿ ಓಟಗಾರನೂ ಗಿಟಾರೂ ಒಟ್ಟಿಗೆ ಅಂತರಿಕ್ಷಕ್ಕೆ ಹೊರಟಿರುವುದನ್ನು ಕಂಡ ಮೇಲೆ ಉತ್ತರದ ತುದಿ ಸಿಕ್ಕಿತು. ನನ್ನನ್ನು ಬೆರಗುಗೊಳಿಸಿದ್ದು ಯಾವುದೂ ನನಗಾಗಿ ಮಾಡಿದ್ದಲ್ಲ. ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸ್‌ನಲ್ಲಿ ಬೆಳೆಯುತ್ತಿದ್ದ ಹುಡುಗನೊಬ್ಬ ಕೇಳಲಿ ಎಂದು ಯಾರೂ ಹಾಡಿರಲಿಲ್ಲ, ಯಾರೂ ಜಿಗಿದಿರಲಿಲ್ಲ. ಯಾರೋ ಯಾರಿಗೋ ಕಳಿಸಿದ್ದು, ಎಷ್ಟೋ ವರ್ಷ ತಡವಾಗಿ, ಅರ್ಧ ಮಾತ್ರ ಅರ್ಥವಾಗುವ ಭಾಷೆಯಲ್ಲಿ ನನ್ನ ಕೈಗೆ ಬಂತು. ಅಭಿಮಾನಿ ಅಂದರೆ ಅವನೇ. ಲಕೋಟೆಯ ಮೇಲೆ ಅವನ ಹೆಸರಿರುವುದಿಲ್ಲ, ಕಾಗದ ಮಾತ್ರ ಅವನಿಗೇ ಬರೆದ ಹಾಗಿರುತ್ತದೆ.

ಬಾಬ್ ಬೀಮನ್‌ನ ಜಿಗಿತ ನನಗೆ ಸಿಕ್ಕಿದ್ದು ಹಾಗೆ. 1968ರ ಅಕ್ಟೋಬರ್ 18, ಮೆಕ್ಸಿಕೋ ನಗರ. ಆಗ ನಾನಿನ್ನೂ ಹುಟ್ಟಿರಲಿಲ್ಲ. ಉದ್ದ ಜಿಗಿತದ ವಿಶ್ವದಾಖಲೆ ಆಗ 8.35 ಮೀಟರ್. ಈ ಆಟದಲ್ಲಿ ದಾಖಲೆಗಳು ಬೆಳೆಯುವುದು ಬೆರಳ ಗಾತ್ರದಲ್ಲಿ. ಒಂದೆರಡು ಸೆಂಟಿಮೀಟರ್ ಹೆಚ್ಚಾದರೆ ಅದೇ ದೊಡ್ಡ ಸುದ್ದಿ. ಬೀಮನ್ ಫೈನಲಿನ ತನ್ನ ಮೊದಲ ಯತ್ನಕ್ಕೆ ಓಡಿ ಬಂದ, ಹಲಗೆ ತುಳಿದ, ಮೇಲೆದ್ದ. ಅಂಕಣದ ಪಕ್ಕದಲ್ಲಿ ದೂರ ಅಳೆಯಲು ಹಳಿಯ ಮೇಲೆ ಸರಿಯುವ ಹೊಸ ಯಂತ್ರವಿತ್ತು. ಅಧಿಕಾರಿಗಳು ಅದನ್ನು ಸರಿಸುತ್ತ ಸರಿಸುತ್ತ ಹೋದರು, ಹಳಿ ಮುಗಿದುಹೋಯಿತು. ಅವನು ಬಿದ್ದ ಜಾಗ ಅದರಾಚೆ ಇತ್ತು. ಮನುಷ್ಯ ಅಷ್ಟು ದೂರ ಜಿಗಿಯಬಹುದು ಎಂದು ಆ ಯಂತ್ರ ಮಾಡಿದವರಿಗೆ ಹೊಳೆದಿರಲಿಲ್ಲ. ಕೊನೆಗೆ ಹಳೆಯ ಕಾಲದ ಟೇಪು ತರಿಸಿ ಅಳೆದರು. 8.90. ಹಿಂದಿನ ದಾಖಲೆಗಿಂತ 55 ಸೆಂಟಿಮೀಟರ್ ಹೆಚ್ಚು.

ಇದರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಗಳಿಗೆ ಇನ್ನೂ ಮುಂದಿದೆ. ಫಲಕದ ಮೇಲೆ 8.90 ಎಂದು ಬಂದಾಗ ಬೀಮನ್‌ಗೆ ಅದು ಎಷ್ಟೆಂದು ತಿಳಿಯಲಿಲ್ಲ. ಅವನು ಬೆಳೆದದ್ದು ಅಡಿ-ಅಂಗುಲದ ಲೆಕ್ಕದಲ್ಲಿ. ಜೊತೆಯಲ್ಲಿದ್ದ ರಾಲ್ಫ್ ಬೋಸ್ಟನ್ ಬಂದು ಇದು 29 ಅಡಿಗೂ ಹೆಚ್ಚು ಎಂದು ಹೇಳಿದ. ಅದುವರೆಗೆ 28 ಅಡಿಯನ್ನೇ ಯಾರೂ ದಾಟಿರಲಿಲ್ಲ. ಕೇಳಿದ್ದೇ ಬೀಮನ್‌ನ ಕಾಲಿನ ಬಲ ಹೋಯಿತು, ನೆಲಕ್ಕೆ ಕುಸಿದು ಮುಖ ಮುಚ್ಚಿಕೊಂಡ. ತಾನೇ ಮಾಡಿದ ಕೆಲಸ ಅವನಿಗೆ ಇನ್ನೊಬ್ಬರ ಬಾಯಿಂದ, ಇನ್ನೊಂದು ಅಳತೆಗೆ ಬದಲಾಗಿ ಬಂದು ಮುಟ್ಟಬೇಕಾಯಿತು. ಆಮೇಲೆ ಅವನು ಎಂದೂ ಆ ದೂರದ ಹತ್ತಿರಕ್ಕೂ ಬರಲಿಲ್ಲ. ಆ ವಿಶ್ವದಾಖಲೆ ಮುರಿಯಲು 1991ರಲ್ಲಿ ಮೈಕ್ ಪೊವೆಲ್ ಬರಬೇಕಾಯಿತು. ಒಲಿಂಪಿಕ್ ದಾಖಲೆಯಾಗಿ ಅದು ಇಂದಿಗೂ ನಿಂತಿದೆ.

ಕನ್ನಡದಲ್ಲಿ ನಾವು ‘ಬೆರಗಾದೆ’ ಅನ್ನುತ್ತೇವೆ. ದುಃಖಪಟ್ಟೆ, ಸಂತೋಷಪಟ್ಟೆ ಅನ್ನುವಾಗ ಪಡುವವನು ಬೇರೆ, ಪಟ್ಟದ್ದು ಬೇರೆ. ಬೆರಗಿನಲ್ಲಿ ಆ ಅಂತರವಿಲ್ಲ, ಮನುಷ್ಯನೇ ಬೆರಗು ಆಗಿಬಿಡುತ್ತಾನೆ. ಆ ಮಾತು ಅಲ್ಲಮನ ವಚನಗಳಲ್ಲಿ ಬಂದಾಗಲೂ ನನಗೆ ಕಾಣುವುದು ಈ ಅರ್ಥವೇ. ಎಂದೋ ಒಂದು ದಿನ ಟಿವಿಯ ಹಳೆಯ ತುಣುಕಿನಲ್ಲಿ ಬೀಮನ್ ಕುಸಿಯುವುದನ್ನು ನೋಡಿದಾಗ ಈ ಕ್ರಿಯಾಪದ ಯಾಕೆ ಹಾಗಿದೆ ಎಂದು ಗೊತ್ತಾಯಿತು.

ರಾಕ್ ನನಗೆ ಬಂದದ್ದು ಬೆಂಗಳೂರಿನ ಚಿಕ್ಕಪ್ಪನ ಮನೆಯಿಂದ. ಬೇಸಿಗೆ ರಜೆಗೆ ಹೋದಾಗ ಚಿಕ್ಕಪ್ಪನ ದೊಡ್ಡ ಮಗ ಒಂದು ಕ್ಯಾಸೆಟ್ ಕೊಟ್ಟ. ಯಾರದೋ ಕ್ಯಾಸೆಟ್‌ನಿಂದ ಇಳಿಸಿಕೊಂಡದ್ದು, ಹಾಡುಗಳ ಹೆಸರನ್ನು ನೀಲಿ ಬಾಲ್ ಪೆನ್ನಿನಲ್ಲಿ ಬರೆದಿದ್ದ. “ಅಣ್ಣ, ಒಂದಕ್ಷರ ಅರ್ಥ ಆಗ್ತಿಲ್ಲ” ಅಂದೆ. “ಅರ್ಥ ಆಮೇಲೆ ಬರ್ತದೆ ಕಣೋ, ಮೊದಲು ಕೇಳು” ಅಂದ. ಅದರಲ್ಲಿ ಕ್ವೀನ್ ತಂಡದ ‘39’ ಎಂಬ ಹಾಡಿತ್ತು. ಹೆಸರು ಯಾಕೆ ಒಂದು ಅಂಕಿ ಎಂದು ತಿಳಿಯದು. ಕುಣಿಯುವ ಲಯ, ಜನಪದದ ಹಾಡಿನಂಥ ಧಾಟಿ. ಹಡಗು ಹತ್ತಿ ಹೊಸ ನೆಲ ಹುಡುಕಲು ಹೋದವರ ಹಾಡು ಎಂದುಕೊಂಡು ಹತ್ತು ವರ್ಷ ಗುನುಗಿದೆ.

ಹತ್ತು ವರ್ಷದ ಮೇಲೆ ಅಣ್ಣ ಹೇಳಿದ ಅರ್ಥ ಬಂತು. ಆ ಹಡಗು ಸಮುದ್ರದ್ದಲ್ಲ. ಬೆಳಕಿನ ವೇಗದ ಸಮೀಪಕ್ಕೆ ಹೋಗುವ ನೌಕೆ ಅದು. ಹೋದವರಿಗೆ ಕಳೆದದ್ದು ಒಂದೇ ವರ್ಷ, ಮನೆಯಲ್ಲಿ ಉಳಿದವರಿಗೆ ನೂರು. ವೇಗ ಹೆಚ್ಚಿದಂತೆ ಗಡಿಯಾರ ನಿಧಾನವಾಗುತ್ತದೆ ಎಂದು ಐನ್‌ಸ್ಟೈನ್ ಲೆಕ್ಕ ಹಾಕಿ ತೋರಿಸಿದ್ದನ್ನು ತಂಡದ ಗಿಟಾರ್ ವಾದಕ ಬ್ರಯನ್ ಮೇ 1975ರಲ್ಲಿ ಒಂದು ಸಂಸಾರದ ಹಾಡಾಗಿಸಿದ್ದ. ಮರಳಿ ಬಂದವನನ್ನು ಎದುರುಗೊಳ್ಳಲು ಹೆಂಡತಿ ಇಲ್ಲ, ಅವಳ ಕಣ್ಣುಗಳನ್ನು ಹೋಲುವ ಮುಂದಿನ ತಲೆಮಾರಿದೆ. ಅದು ತಿಳಿದ ರಾತ್ರಿ ಮತ್ತೆ ಆ ಕ್ಯಾಸೆಟ್ ಹಾಕಿದೆ. ಅದೇ ಕುಣಿಯುವ ಲಯ. ಗಂಟಲು ಕಟ್ಟಿತು.

ಬ್ರಯನ್ ಮೇ ಬಗ್ಗೆ ಎರಡು ಮಾತು ಹೇಳಲೇಬೇಕು. ಅವನು ಬಾರಿಸುವ ಗಿಟಾರನ್ನು ಹದಿಹರೆಯದಲ್ಲಿ ಅಪ್ಪನ ಜೊತೆ ಕೂತು ಮನೆಯಲ್ಲೇ ಮಾಡಿಕೊಂಡದ್ದು. ಕತ್ತಿಗೆ ಹಾಕಿದ ಮರ ಯಾರದೋ ಮನೆಯ ಹಳೆಯ ಅಗ್ಗಿಷ್ಟಿಕೆಯ ಮೇಲುಹಲಗೆ, ಕಂಪನದ ಹಿಡಿಗೆ ಬಳಸಿದ್ದು ಮೋಟಾರ್ ಸೈಕಲ್ಲಿನ ಸ್ಪ್ರಿಂಗು. ತಂತಿ ಮೀಟುವುದು ಆರು ಪೆನ್ನಿಯ ನಾಣ್ಯದಿಂದ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಸೌರವ್ಯೂಹದ ಧೂಳಿನ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದವನು ಸಂಗೀತಕ್ಕಾಗಿ ಅದನ್ನು ಅರ್ಧಕ್ಕೆ ಬಿಟ್ಟ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲದ ನಂತರ ವಾಪಸ್ಸು ಹೋಗಿ 2007ರಲ್ಲಿ ಮುಗಿಸಿದ. ತನ್ನ ಹಾಡಿನ ನಾವಿಕನ ಹಾಗೆ ಅವನೂ ಬಹಳ ತಡವಾಗಿ ಮನೆಗೆ ಬಂದ. ಧೂಳು ಮಾತ್ರ ಅಲ್ಲೇ ಅವನಿಗಾಗಿ ಕಾದಿತ್ತು.

ಟಿವಿಯ ಅಂತರಿಕ್ಷ ಕಥೆಗಳಲ್ಲಿ ನನಗೆ ‘ಸ್ಟಾರ್ ಟ್ರೆಕ್’ ದೊಡ್ಡದು. 1966ರಿಂದ 69ರವರೆಗೆ ಅಮೆರಿಕದಲ್ಲಿ ಬಂದ ಮೊದಲ ಸರಣಿಯನ್ನು ದೂರದರ್ಶನ ಎಂಬತ್ತರ ದಶಕದಲ್ಲಿ ತೋರಿಸಿತು. ಚಿಕ್ಕಪ್ಪನ ಮನೆಯ ಕಪ್ಪು ಬಿಳುಪು ಟಿವಿಯ ಮುಂದೆ ಚಾಪೆ ಹಾಸಿಕೊಂಡು ನೋಡಿದ್ದು. ಕಿವಿ ಚೂಪಾದ ಸ್ಪಾಕ್ ನಮ್ಮ ಮನೆಯವನೇ ಆಗಿಬಿಟ್ಟಿದ್ದ. ಅದರ ಮೊದಲ ಸಿನಿಮಾ 1979ರಲ್ಲಿ ಬಂತು. ಅದರಲ್ಲಿ ಭೂಮಿಯತ್ತ ಬರುವ ಮಹಾಶಕ್ತಿಯೊಂದರ ನಡುಮಧ್ಯೆ, ಧೂಳು ಒರೆಸಿದಾಗ, ಮನುಷ್ಯರೇ ಎಂದೋ ಕಳಿಸಿದ ಒಂದು ವಾಯೇಜರ್ ನೌಕೆಯ ಹೆಸರು ಕಾಣುತ್ತದೆ. ನಿಜವಾದ ವಾಯೇಜರುಗಳು ಹೊರಟು ಆಗಿನ್ನೂ ಎರಡು ವರ್ಷ.

ಆದರೆ ನನ್ನನ್ನು ಬಿಡದೆ ಹಿಂಬಾಲಿಸಿದ ಕಂತು ನಂತರದ ಸರಣಿ ‘ದ ನೆಕ್ಸ್ಟ್ ಜನರೇಷನ್’ನದು. 1992ರ ಜೂನ್‌ನಲ್ಲಿ ಬಂದ ‘ದಿ ಇನ್ನರ್ ಲೈಟ್’. ನಾನು ನೋಡಿದ್ದು ಕೆಲವು ವರ್ಷಗಳ ನಂತರ, ಕೇಬಲ್ ಟಿವಿಯಲ್ಲಿ. ಕ್ಯಾಪ್ಟನ್ ಪಿಕಾರ್ಡ್ ಎದುರು ಒಂದು ಅನಾಥ ಶೋಧನೌಕೆ ಬರುತ್ತದೆ. ಅದರಿಂದ ಹೊಮ್ಮಿದ ಕಿರಣ ತಾಗಿ ಅವನು ಬೀಳುತ್ತಾನೆ. ಎಚ್ಚರವಾದಾಗ ಬೇರೊಂದು ಲೋಕದ ಪುಟ್ಟ ಊರಿನಲ್ಲಿ ಕಬ್ಬಿಣದ ಕೆಲಸದವನಾಗಿದ್ದಾನೆ, ಅಲ್ಲಿ ಅವನಿಗೆ ಹೆಂಡತಿ ಇದ್ದಾಳೆ. ಮೊದಲು ಒಪ್ಪುವುದಿಲ್ಲ. ಆಮೇಲೆ ಒಪ್ಪುತ್ತಾನೆ. ಮಕ್ಕಳಾಗುತ್ತವೆ. ಸಂಜೆ ಕೊಳಲು ಕಲಿಯುತ್ತಾನೆ. ಮಳೆ ಕಡಿಮೆಯಾಗುತ್ತ ಹೋಗುತ್ತದೆ, ಬಾವಿಗಳು ಬತ್ತುತ್ತವೆ, ಅವರ ಸೂರ್ಯ ಸಾಯುತ್ತಿದೆ ಎಂದು ಅವನಿಗೆ ಅರಿವಾಗುತ್ತದೆ. ಮುದುಕನಾಗಿ ಮೊಮ್ಮಗನ ಕೈ ಹಿಡಿದು, ಊರವರು ಆಕಾಶಕ್ಕೆ ಏನನ್ನೋ ಹಾರಿಸುವುದನ್ನು ನೋಡಲು ಬರುತ್ತಾನೆ. ಹಾರಿಸುತ್ತಿರುವುದು ಅದೇ ಶೋಧನೌಕೆ. ಸಾವಿರ ವರ್ಷದ ಹಿಂದೆ ಸುಟ್ಟುಹೋದ ಒಂದು ಜನಾಂಗ, ನಮ್ಮನ್ನು ಯಾರಾದರೊಬ್ಬರು ನೆನಪಿಟ್ಟುಕೊಳ್ಳಲಿ ಎಂದು ಕಳಿಸಿದ ಓಲೆ. ಪಿಕಾರ್ಡ್ ಕಣ್ಣು ಬಿಟ್ಟಾಗ ತನ್ನ ನೌಕೆಯಲ್ಲಿ ಕಳೆದಿರುವುದು ಇಪ್ಪತ್ತೈದು ನಿಮಿಷ. ಶೋಧನೌಕೆಯೊಳಗೆ ಒಂದು ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಆ ಕೊಳಲು. ಕಿಟಕಿಯ ಬಳಿ ಒಬ್ಬನೇ ನಿಂತು ಅದನ್ನು ನುಡಿಸುತ್ತಾನೆ, ಕಥೆ ಅಲ್ಲಿಗೆ ನಿಲ್ಲುತ್ತದೆ. ಪಿಕಾರ್ಡ್ ಆಗಿದ್ದ ಪ್ಯಾಟ್ರಿಕ್ ಸ್ಟುವರ್ಟ್ ಅವರ ಸ್ವಂತ ಮಗನೇ ಆ ಇನ್ನೊಂದು ಬಾಳಿನ ಮಗನಾಗಿ ಬರುತ್ತಾನೆ. ಅಪ್ಪ ಮಗ ಒಬ್ಬರನ್ನೊಬ್ಬರು ನೋಡುವ ನೋಟದಲ್ಲಿ ಅದು ಗೊತ್ತಾಗುತ್ತದೆ.

ಆ ಕಂತಿನ ಹೆಸರಿನ ಹಿಂದೆ ಇನ್ನೊಂದು ಕಥೆ ಇದೆ. ಬರೆದ ಮಾರ್ಗನ್ ಗೆಂಡೆಲ್ ಹೆಸರನ್ನು ತೆಗೆದುಕೊಂಡದ್ದು ಬೀಟಲ್ಸ್‌ನ ಒಂದು ಹಾಡಿನಿಂದ. ಜಾರ್ಜ್ ಹ್ಯಾರಿಸನ್ ಬರೆದ, 1968ರಲ್ಲಿ ಬಂದ ‘ದಿ ಇನ್ನರ್ ಲೈಟ್’. ಅದರ ವಾದ್ಯಸಂಗೀತವನ್ನು ಧ್ವನಿಮುದ್ರಿಸಿದ್ದು ಬೊಂಬಾಯಿಯಲ್ಲಿ, ನಮ್ಮ ದೇಶದ ವಾದಕರ ಕೈಯಲ್ಲಿ. ಬಾನ್ಸುರಿ, ಸರೋದ್, ಶಹನಾಯಿ. ಮನೆಯ ಬಾಗಿಲು ದಾಟದೆಯೂ ಲೋಕವನ್ನು ಅರಿಯಬಹುದು ಎಂಬ ಅದರ ಮಾತಿನ ಮೂಲ ಚೀನಾದ ಲಾವೋತ್ಸೆಯದು. ಚೀನಾದ ಹಳೆಯ ಮಾತು ಇಂಗ್ಲೆಂಡಿನ ಹಾಡುಗಾರನಿಗೆ ತಲುಪಿ, ಬೊಂಬಾಯಿಯ ಕೊಳಲು ಸೇರಿ, ಅಮೆರಿಕದ ಟಿವಿ ಬರಹಗಾರನ ಕಿವಿಗೆ ಬಿದ್ದು, ಒಂದು ಸತ್ತ ಗ್ರಹದ ಕೊಳಲಾಗಿ ಅರಸೀಕೆರೆಯ ನಮ್ಮ ಮನೆಯ ಮುಂಗೋಣೆಗೆ ಬಂತು. ಈ ದಾರಿಯಲ್ಲಿ ಯಾರೂ ಮುಂದಿನವರು ಯಾರೆಂದು ನೋಡಿರಲಿಲ್ಲ. ಇದನ್ನು ನೆನೆದಾಗೆಲ್ಲ ಮೈ ಜುಮ್ಮೆನ್ನುತ್ತದೆ.

ವಾಯೇಜರ್ ತಟ್ಟೆಗೂ ಅಂಥದ್ದೇ ನಂಬಿಕೆ ಬೇಕಾಗಿತ್ತು. ಕಾರ್ಲ್ ಸೇಗನ್ ಮತ್ತು ಆನ್ ಡ್ರುಯನ್ ಮೊದಲಾದವರು ಕೂಡಿ ಕೆಲವೇ ತಿಂಗಳಲ್ಲಿ ಅದನ್ನು ಸಿದ್ಧಪಡಿಸಿದರು. ಚಕ್ ಬೆರ್ರಿಯ ಹಾಡು ಬೇಡ, ರಾಕ್ ಅಂದರೆ ಹುಡುಗಾಟದ ಸಂಗೀತ ಎಂದು ಜಾನಪದ ಸಂಗ್ರಾಹಕ ಆಲನ್ ಲೋಮ್ಯಾಕ್ಸ್ ವಾದಿಸಿದರಂತೆ. ಈ ಭೂಮಿಯ ಮೇಲೆ ಹುಡುಗರೂ ಬಹಳ ಇದ್ದಾರಲ್ಲ ಎಂಬರ್ಥದ ಉತ್ತರ ಸೇಗನ್ ಅವರಿಂದ ಬಂತು. ಅವತ್ತಿನ ಹುಡುಗರಲ್ಲಿ ನಾನೂ ಒಬ್ಬ. ಆ ಉತ್ತರಕ್ಕೆ ನಾನು ಋಣಿ. ಅದೇ ತಟ್ಟೆಯಲ್ಲಿರುವ ಬ್ಲೈಂಡ್ ವಿಲ್ಲೀ ಜಾನ್ಸನ್ ಕಣ್ಣಿಲ್ಲದ, ಬೀದಿಯಲ್ಲಿ ಹಾಡುತ್ತಿದ್ದ ಬಡವ. 1927ರಲ್ಲಿ ಅವನು ಪದಗಳಿಲ್ಲದೆ ಬರೀ ನರಳಿ ಗುನುಗಿದ ಹಾಡೊಂದು ಈಗ ಸೂರ್ಯನ ಗಾಳಿಯ ಗಡಿಯಿಂದಾಚೆ ಇದೆ. ಕೇಸರಬಾಯಿಯವರಂತೂ ವಾಯೇಜರ್ 1 ಹಾರಿದ ಹನ್ನೊಂದನೆಯ ದಿನ, ಸೆಪ್ಟೆಂಬರ್ 16ರಂದು ತೀರಿಕೊಂಡರು. ನಮ್ಮ ಧಾರವಾಡದ ಮಲ್ಲಿಕಾರ್ಜುನ ಮನಸೂರರದೂ ಅದೇ ಜೈಪುರ್-ಅತ್ರೌಲಿ ಘರಾಣೆ. ಹಾಗಾಗಿ ಆ ಭೈರವಿ ಕೇಳುವಾಗ ನನಗೆ ಅದು ಪರಊರಿನದು ಅನ್ನಿಸುವುದಿಲ್ಲ.

ತಟ್ಟೆಯ ಜೊತೆ ಅದನ್ನು ನುಡಿಸಲು ಮುಳ್ಳನ್ನೂ ಇಟ್ಟು ಕಳಿಸಿದ್ದಾರೆ. ಹೇಗೆ ನುಡಿಸಬೇಕು ಎಂದು ಹೊದಿಕೆಯ ಮೇಲೆ ಚಿತ್ರ ಕೊರೆದಿದ್ದಾರೆ. ನೆಂಟರ ಮನೆಗೆ ಡಬ್ಬಿಯಲ್ಲಿ ತಿಂಡಿ ಕಟ್ಟಿಕೊಡುವಾಗ ಚಮಚ ಇಟ್ಟೆಯಾ ಎಂದು ಅಮ್ಮ ಕೇಳುತ್ತಿದ್ದಳು, ಅಂಥ ಕಾಳಜಿ ಅದು. ಇನ್ನು ನಲವತ್ತು ಸಾವಿರ ವರ್ಷ ಕಳೆದರೆ ವಾಯೇಜರ್ 1 ಒಂದು ನಕ್ಷತ್ರದ ಸಮೀಪ ಹಾಯುತ್ತದೆ. ಸಮೀಪವೆಂದರೆ ಒಂದೂವರೆ ಬೆಳಕಿನ ವರ್ಷಕ್ಕೂ ಹೆಚ್ಚು.

2023ರ ನವೆಂಬರಿನಲ್ಲಿ ಅದು ಇದ್ದಕ್ಕಿದ್ದಂತೆ ಅರ್ಥವಿಲ್ಲದ ಅಂಕಿಗಳನ್ನು ಕಳಿಸತೊಡಗಿತು. ಸುದ್ದಿ ಓದಿದ ದಿನ ಮನೆಯಲ್ಲಿ ಹಿರಿಯರೊಬ್ಬರಿಗೆ ಮಾತು ತೊದಲಿದ ಹಾಗಾಯಿತು. ಐದು ತಿಂಗಳು ಎಂಜಿನಿಯರುಗಳು ಹುಡುಕಿದರು. ನೆನಪಿನ ಒಂದು ಚಿಪ್ ಕೆಟ್ಟಿತ್ತು. ಅದರಲ್ಲಿದ್ದ ಸೂಚನೆಗಳನ್ನು ತುಂಡು ತುಂಡು ಮಾಡಿ ಬೇರೆ ಕಡೆ ಜಾಗವಿದ್ದಲ್ಲಿ ಸೇರಿಸಿದರು. ಒಂದು ಮಾತು ಕಳಿಸಿದರೆ ಅಲ್ಲಿಗೆ ತಲುಪಲು ಆಗ ಇಪ್ಪತ್ತೆರಡೂವರೆ ಗಂಟೆ, ಉತ್ತರ ಬರಲು ಮತ್ತೆ ಅಷ್ಟೇ. 2024ರ ಏಪ್ರಿಲಿನಲ್ಲಿ ಅದು ಮತ್ತೆ ಸರಿಯಾಗಿ ಮಾತಾಡಿತು. ಅದರ ದನಿಯ ಶಕ್ತಿ ಇಪ್ಪತ್ತಮೂರು ವ್ಯಾಟ್‌ನ ಆಸುಪಾಸು, ಫ್ರಿಜ್ಜಿನೊಳಗಿನ ಬಲ್ಬಿನಷ್ಟು. ಕೇಳಿಸಿಕೊಳ್ಳಲು ಭೂಮಿಯ ಮೇಲೆ ಎಪ್ಪತ್ತು ಮೀಟರ್ ಅಗಲದ ತಟ್ಟೆಗಳು ಬೇಕು. ಬೆಂಗಳೂರಿನ ಹೊರಗೆ ಬ್ಯಾಲಾಳಿನಲ್ಲಿರುವ ನಮ್ಮ ಇಸ್ರೋದ ದೊಡ್ಡ ತಟ್ಟೆ ಮೂವತ್ತೆರಡು ಮೀಟರಿನದು. ಅದನ್ನು ಕಂಡವರು ಅದರ ಎರಡರಷ್ಟಕ್ಕೂ ಹೆಚ್ಚು ಅಗಲದ ಕಿವಿಯನ್ನು ಊಹಿಸಿಕೊಳ್ಳಬಹುದು.

ನೌಕೆಯೊಳಗಿನ ಪ್ಲುಟೋನಿಯಮ್ಮಿನ ಶಕ್ತಿ ವರ್ಷಕ್ಕೆ ಸುಮಾರು ನಾಲ್ಕು ವ್ಯಾಟ್‌ನಂತೆ ಇಳಿಯುತ್ತಿದೆ. ಮಾತು ನಿಲ್ಲಬಾರದೆಂದು ಒಂದೊಂದೇ ಉಪಕರಣವನ್ನು ಆರಿಸುತ್ತಿದ್ದಾರೆ, ಒಂದೊಂದೇ ಹೀಟರನ್ನು ಆರಿಸುತ್ತಿದ್ದಾರೆ.

ಇದನ್ನು ಓದಿದಾಗ ನನಗೆ ನೆನಪಾಗುವುದು 1999ರ ಫೆಬ್ರವರಿ 7, ಭಾನುವಾರ. ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿ ಪಾಕಿಸ್ತಾನ 420 ರನ್ ಬೆನ್ನು ಹತ್ತಿತ್ತು. ವಿಕೆಟ್ ಹೋಗದೆ ನೂರು ದಾಟಿತ್ತು. ಆಮೇಲೆ ಅನಿಲ್ ಕುಂಬ್ಳೆ ಒಬ್ಬೊಬ್ಬರನ್ನಾಗಿ ಕಳಿಸತೊಡಗಿದರು. ಅಷ್ಟರಲ್ಲಿ ನಮ್ಮ ಬೀದಿಯ ಕರೆಂಟು ಹೋಯಿತು. ಅಪ್ಪ ಅಟ್ಟದಿಂದ ಹಳೆಯ ರೇಡಿಯೋ ಇಳಿಸಿದರು. ಅದರ ಸೆಲ್ಲುಗಳು ಹಳತು, ಮುಗಿಯುತ್ತ ಬಂದಿದ್ದವು. ಜೋರಾಗಿ ಇಟ್ಟರೆ ಬೇಗ ಸಾಯುತ್ತವೆಂದು ಅಪ್ಪ ದನಿ ತಗ್ಗಿಸಿದರು. ಅವರು ತಗ್ಗಿಸಿದಷ್ಟೂ ನಾವು ಹತ್ತಿರ ಸರಿದೆವು. ಪಕ್ಕದ ಮನೆಯ ಹುಡುಗರೂ ಬಂದು ಸೇರಿದರು, ತಲೆಗೆ ತಲೆ ತಾಗಿತು.

ಒಂಬತ್ತು ವಿಕೆಟ್ ಆಯಿತು, ಒಂಬತ್ತೂ ಕುಂಬ್ಳೆಯವರದು. ಇನ್ನೊಂದು ತುದಿಯಿಂದ ಜಾವಗಲ್ ಶ್ರೀನಾಥ್. ಊರಿನ ಹೆಸರು ಹೆಸರಲ್ಲೇ ಇದೆಯಲ್ಲ, ಜಾವಗಲ್ ಇರುವುದು ನಮ್ಮ ಅರಸೀಕೆರೆ ತಾಲ್ಲೂಕಿನಲ್ಲೇ. ಜೀವನವಿಡೀ ವಿಕೆಟ್ ತೆಗೆಯುವುದನ್ನೇ ಕಲಿತ ಆ ವೇಗದ ಬೌಲರ್ ಈಗ ಓಡಿ ಬರುತ್ತಿದ್ದದ್ದು ವಿಕೆಟ್ ಬೀಳದಿರಲಿ ಎಂದು. ಚೆಂಡನ್ನು ಆಫ್ ಸ್ಟಂಪಿನಿಂದ ಆಚೆ, ದೂರ, ಬ್ಯಾಟಿಗೆ ಸಿಗದ ಹಾಗೆ ಹಾಕಿದರು. ಅಪ್ಪ “ನೋಡಯ್ಯಾ, ಅವನಿಗೆ ಬಿಟ್ಟುಕೊಡ್ತಾ ಇದಾನೆ” ಅಂದರು. ಅವರ ದನಿ ನಡುಗಿತ್ತು. ಆ ಓವರಿನ ಬಗ್ಗೆ ಬರೆದದ್ದು ಕಡಿಮೆ. ನನಗೆ ಆ ದಿನದ ಹತ್ತು ವಿಕೆಟ್‌ಗಳ ಜೊತೆ ಅದೂ ಇದೆ.

ಓವರ್ ಮುಗಿದು ಚೆಂಡು ಮತ್ತೆ ಕುಂಬ್ಳೆಯವರ ಕೈಗೆ ಹೋಯಿತು. ರೇಡಿಯೋ ದನಿ ತೆಳುವಾಗುತ್ತ ಹೋಯಿತು, ಮಾತಿಗಿಂತ ಕರಕರ ಸದ್ದೇ ಹೆಚ್ಚು. ಮೂರನೆಯ ಚೆಂಡೋ ಏನೋ. ಒಮ್ಮೆಲೇ ಸಾವಿರಾರು ಜನ ಕಿರುಚಿದ್ದು ಮಾತ್ರ ಕೇಳಿಸಿತು, ಸಮುದ್ರದ ಮೊರೆತದ ಹಾಗೆ. ಯಾರು ಔಟಾದರು, ಹೇಗೆ ಔಟಾದರು, ಏನೂ ಕೇಳಲಿಲ್ಲ. ಅಷ್ಟು ಸಾಕಾಗಿತ್ತು. ಹುಡುಗರು ಕುಣಿಯುತ್ತ ಬೀದಿಗೆ ಓಡಿದರು. ಅಪ್ಪ ರೇಡಿಯೋದ ಹಿಂಬದಿ ತೆಗೆದು ಸೆಲ್ಲುಗಳನ್ನು ಹೊರಗೆಳೆದರು, ಒಂದೊಂದನ್ನೇ ಅಂಗೈಯಲ್ಲಿ ಉಜ್ಜಿ ಬಿಸಿ ಮಾಡಿದರು, ಮತ್ತೆ ಹಾಕಿ ಕಿವಿಗೆ ಹಿಡಿದು ಕೂತರು.